ಸರಕಿನ ಉಗಿಹಡಗು ಮತ್ತು ಅದರ ಕಲ್ಲಿದ್ದಲು

ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆಯನ್ನು ದಡಕ್ಕೇರಿಸಿ ಸಂಗ್ರಹಾಲಯ ಮಾಡಿದ್ದಾರೆ. ಅದನ್ನು ನೋಡಿದಾಗಲೆಲ್ಲ ಈ ಕರಾವಳಿಯ ವ್ಯಾಪಾರವನ್ನು ಹೊತ್ತು ತಿರುಗಿದ ಉಗಿಹಡಗುಗಳಲ್ಲಿ ಒಂದಾದರೂ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ. ಉತ್ತರವೇನೂ ಕಷ್ಟದ್ದಲ್ಲ. ಯುದ್ಧನೌಕೆಗೆ ಅಭಿಮಾನಿಗಳಿರುತ್ತಾರೆ, ಸರಕಿನ ಹಡಗಿಗೆ ಇರುವವನು ಮಾಲೀಕ ಮಾತ್ರ, ಅವನಾದರೂ ಲಾಭ ಬರುವವರೆಗೆ ಓಡಿಸಿ ಆಮೇಲೆ ಗುಜರಿಗೆ ಹಾಕುತ್ತಾನೆ.

ಇಂಗ್ಲೆಂಡಿನಲ್ಲಿಯೂ ನಡೆದದ್ದು ಇದೇ. ವಿಕ್ಟೋರಿಯಾ ರಾಣಿಯ ಕಾಲದ, ಕರಾವಳಿ ಸರಕು ಸಾಗಿಸುತ್ತಿದ್ದ ಉಗಿಹಡಗುಗಳಲ್ಲಿ ಇಡಿಯಾಗಿ ಉಳಿದದ್ದು 1890ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಕಟ್ಟಿದ ‘ರಾಬಿನ್’ ಒಂದೇ. ಸುಮಾರು 143 ಅಡಿ ಉದ್ದದ ಈ ಪುಟ್ಟ ಹಡಗು ಧಾನ್ಯ, ಕಬ್ಬಿಣದ ಅದಿರು, ಪೀಪಾಯಿಗಳಲ್ಲಿ ತುಂಬಿದ ಹೆರಿಂಗ್ ಮೀನು ಹೀಗೆ ಸಿಕ್ಕಿದ್ದನ್ನೆಲ್ಲ ಹೊತ್ತಿತು. 1900ರಲ್ಲಿ ಸ್ಪೇನಿಗೆ ಮಾರಾಟವಾಗಿ ‘ಮಾರಿಯಾ’ ಎಂಬ ಹೆಸರಿನಲ್ಲಿ ಇನ್ನೂ ಏಳು ದಶಕಗಳಿಗೂ ಹೆಚ್ಚು ಕಾಲ ದುಡಿದ ಅದನ್ನು 1974ರಲ್ಲಿ ಕೊಂಡು ಮರಳಿ ಇಂಗ್ಲೆಂಡಿಗೆ ತಂದರು. ಅಷ್ಟು ವರ್ಷಗಳ ನಂತರವೂ ಅದರಲ್ಲಿದ್ದದ್ದು ಮೊದಲಿನ ಉಗಿಯಂತ್ರವೇ. ಹೊಸ ಯಂತ್ರ ಕೂರಿಸುವಷ್ಟು ಗಳಿಕೆ ಅದರ ಮಾಲೀಕರಿಗೆ ಇರಲಿಲ್ಲವೆಂದು ನನ್ನ ಊಹೆ. ಹಾಗಿದ್ದರೆ ಆ ಬಡತನಕ್ಕೆ ನಾವು ಕೃತಜ್ಞರಾಗಿರಬೇಕು.

ಅಂಥ ಹಡಗಿನ ದುಡಿಮೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಕಲ್ಲಿದ್ದಲಿನಿಂದ ಆರಂಭಿಸಬೇಕು. ಹಾಯಿಹಡಗಿಗೆ ಗಾಳಿ ಪುಕ್ಕಟೆ, ಆದರೆ ಅದು ಬೀಸುವ ತನಕ ಕಾಯಬೇಕು. ಉಗಿಹಡಗಿಗೆ ಕಾಯುವ ಗೋಳಿಲ್ಲ, ಬದಲಿಗೆ ತನ್ನ ಮೇವನ್ನು ತಾನೇ ಹೊತ್ತು ಸಾಗಬೇಕು. ಕಲ್ಲಿದ್ದಲು ಆಕ್ರಮಿಸಿದ ಪ್ರತಿಯೊಂದು ಅಡಿ ಜಾಗವೂ ಬಾಡಿಗೆ ತರುವ ಸರಕಿಗೆ ಸಿಗದೆ ಹೋದ ಜಾಗ. ಆದುದರಿಂದಲೇ ಎಂಜಿನಿಯರುಗಳು ಅದೇ ಉಗಿಯನ್ನು ಮೊದಲು ಎರಡು ಸಿಲಿಂಡರುಗಳಲ್ಲಿ, ಬಳಿಕ ಒಂದಕ್ಕಿಂತ ಒಂದು ದೊಡ್ಡದಾದ ಮೂರು ಸಿಲಿಂಡರುಗಳಲ್ಲಿ ಸಾಲಾಗಿ ದುಡಿಸುವ ಉಪಾಯ ಹುಡುಕಿದರು. 1881ರ ‘ಅಬರ್ಡೀನ್’ ಹಡಗು ಚದರ ಅಂಗುಲಕ್ಕೆ 125 ಪೌಂಡ್ ಒತ್ತಡದ ಉಗಿಯಿಂದ ಮೂರು ಹಂತದ ಯಂತ್ರವನ್ನು ನಡೆಸಿ, ದಾರಿಯಲ್ಲಿ ಒಮ್ಮೆ ಮಾತ್ರ ಕಲ್ಲಿದ್ದಲು ತುಂಬಿಕೊಂಡು 42 ದಿನಗಳಲ್ಲಿ ಇಂಗ್ಲೆಂಡಿನಿಂದ ಮೆಲ್ಬೋರ್ನ್ ತಲುಪಿತು. ರಾಬಿನ್‌ನಲ್ಲಿರುವುದೂ ಇದೇ ಬಗೆಯ ಯಂತ್ರ.

ಯಂತ್ರ ಎಷ್ಟು ಸುಧಾರಿಸಿದರೂ ಕುಲುಮೆಗೆ ಕಲ್ಲಿದ್ದಲು ಎರಚುವ ಕೆಲಸವನ್ನು ಮನುಷ್ಯನೇ ಮಾಡಬೇಕಿತ್ತು. ನಾಲ್ಕು ತಾಸು ಪಾಳಿ, ಎಂಟು ತಾಸು ಬಿಡುವು. ಹಗಲು ರಾತ್ರಿಯೆನ್ನದೆ ಇದೇ ಸರದಿ. ಬಂಕರಿನಿಂದ, ಅಂದರೆ ಹಡಗಿನ ಕಲ್ಲಿದ್ದಲು ಕೋಣೆಯಿಂದ, ಕಲ್ಲಿದ್ದಲನ್ನು ತೋಡಿ ತರುವವನು ಎರಡೂ ಬದಿಯಿಂದ ಸಮನಾಗಿ ತೆಗೆಯದಿದ್ದರೆ ಹಡಗು ಒಂದು ಕಡೆಗೆ ವಾಲುತ್ತಿತ್ತು. ಬೆಂಕಿಯವನು ಕುಲುಮೆಯ ಬಾಗಿಲು ತೆರೆದು ತೆಳುವಾಗಿ, ಸಮನಾಗಿ ಎರಚಿ ಕೂಡಲೇ ಮುಚ್ಚಬೇಕು. ತಡವಾದರೆ ತಣ್ಣನೆಯ ಗಾಳಿ ನುಗ್ಗಿ ಉಗಿಯ ಒತ್ತಡ ಇಳಿಯುತ್ತದೆ. ಗಟ್ಟಿಯಾಗಿ ಅಂಟಿದ ಕಿಟ್ಟವನ್ನು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಡೆದು ಎಳೆದು, ನೀರೆರಚಿ ಆರಿಸಿ, ಬೂದಿಯೊಂದಿಗೆ ಮೇಲಕ್ಕೆತ್ತಿ ಸಮುದ್ರಕ್ಕೆ ಸುರಿಯುತ್ತಿದ್ದರು. ಪಕ್ಕದ ಯಂತ್ರದ ಕೋಣೆಯಲ್ಲಿ ಎಣ್ಣೆ ಹಾಕುವವನು ಅಚ್ಚನ್ನು ತಿರುಗಿಸುವ ತೋಳಾದ ಕ್ರ್ಯಾಂಕಿನ ಲಯ ಹಿಡಿದು, ಅದು ಬಳಿಗೆ ಬಂದ ಕ್ಷಣದಲ್ಲಿ ಅಂಗೈ ತಾಗಿಸಿ, ಅದು ತಿರುಗುವ ಆಸರೆಯಾದ ಬೇರಿಂಗ್ ಬಿಸಿಯಾಗಿದೆಯೇ ಎಂದು ನೋಡುತ್ತಿದ್ದ. ಲಯ ತಪ್ಪಿದರೆ ಕೈ ಹೋದಂತೆಯೇ.

ಬೊಂಬಾಯಿಯಿಂದ ಹೊರಡುತ್ತಿದ್ದ ಬ್ರಿಟಿಷ್ ಹಡಗುಗಳಲ್ಲಿ ಈ ಕೆಲಸ ಮಾಡಿದವರು ಬಹುಪಾಲು ನಮ್ಮ ದೇಶದ ಖಲಾಸಿಗಳು. ಅವರ ಮೇಲೆ ತಾಂಡೇಲ, ತಾಂಡೇಲನ ಮೇಲೆ ಸಾರಂಗ. ಯುರೋಪಿನ ನಾವಿಕರಿಗೆ ಸಿಗುತ್ತಿದ್ದ ಸಂಬಳದ ಒಂದು ಪಾಲಷ್ಟೇ ಇವರಿಗೆ ದಕ್ಕುತ್ತಿತ್ತು. ಬಿಸಿ ದೇಶದವರು ಕುಲುಮೆಯ ಕಾವನ್ನು ಸಹಜವಾಗಿಯೇ ತಾಳುತ್ತಾರೆ ಎಂಬ ವಾದವೂ ಆಗ ಚಾಲ್ತಿಯಲ್ಲಿತ್ತು. ಕಡಿಮೆ ಸಂಬಳ ಕೊಡುವವರಿಗೆ ಅದು ಅನುಕೂಲದ ವಾದವೇ ಸರಿ.

ನಮ್ಮ ಕರಾವಳಿಯ ಪಾಲು ಇದ್ದದ್ದು ಸರಕಿನಲ್ಲಿ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂಬ ಒತ್ತಾಯವೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿಸಲು ಮುಖ್ಯ ಕಾರಣವಾಯಿತು. ಹತ್ತಿ ಅರಬೈಲು ಘಟ್ಟ ಇಳಿದು ಬಂದರೆ, ಶಿರಸಿಯ ಅಡಿಕೆ, ಕಾಳುಮೆಣಸು ದೇವಿಮನೆ ಘಟ್ಟದ ದಾರಿಯಲ್ಲಿ ಕುಮಟೆಗೆ ಬರುತ್ತಿದ್ದವು. ಧಾರವಾಡದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ಬಿದ್ದಿತ್ತು. ಉಗಿಹಡಗು ದಡಕ್ಕೆ ತಾಗುವಂತಿರಲಿಲ್ಲ. ಅದು ಆಳದ ನೀರಿನಲ್ಲಿ ಲಂಗರು ಹಾಕಿ ನಿಂತರೆ, ದೋಣಿಗಳು ಸರಕು ತುಂಬಿಕೊಂಡು ಅದರ ಮಗ್ಗುಲಿಗೆ ಹೋಗಬೇಕಿತ್ತು. ಅಲೆಗೆ ಏಳುತ್ತ ಬೀಳುತ್ತ ಇರುವ ದೋಣಿಯಲ್ಲಿ ಹತ್ತಿಯ ಹಿಂಡಿಗೆಗೆ (ಬಿಗಿದ ಮೂಟೆಗೆ) ಹಗ್ಗ ಬಿಗಿದು, ದೋಣಿ ಅಲೆಯ ನೆತ್ತಿಗೇರಿದಾಗಲೇ ಹಡಗಿನ ವಿಂಚಿನಿಂದ, ಅಂದರೆ ಹಗ್ಗ ಸುತ್ತಿ ಭಾರ ಎತ್ತುವ ಯಂತ್ರದಿಂದ, ಎತ್ತಿಸಬೇಕು. ಕೆಳಗಿಳಿದಾಗ ಎತ್ತಿದರೆ ಹಗ್ಗಕ್ಕೆ ಜಗ್ಗು ಬಿದ್ದು ಹಿಂಡಿಗೆ ಯಾರ ಮೈಮೇಲೆ ಬೀಳುವುದೋ ಹೇಳಲಾಗದು. ಮಳೆಗಾಲದಲ್ಲಿ ತೆರೆದ ಬಂದರುಗಳಲ್ಲಿ ಇದು ಆಗದ ಮಾತು. ಗುಡ್ಡ, ದ್ವೀಪಗಳ ಮರೆಯಿರುವ ಕಾರವಾರದ ಕೊಲ್ಲಿಯ ಮೇಲೆ ಅಷ್ಟೊಂದು ಕಣ್ಣಿದ್ದದ್ದು ಅದಕ್ಕಾಗಿಯೇ.

ಆದರೆ ಬಂದರಿಗೆ ಬೇಕಾಗಿದ್ದ ರೈಲು ಬರಲಿಲ್ಲ. 1880ರ ದಶಕದ ಕೊನೆಯಲ್ಲಿ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮರ್ಮಗೋವಾ ಬಂದರಿಗೆ ಹಳಿ ಬಿದ್ದ ಮೇಲೆ ಘಟ್ಟದ ಮೇಲಿನ ಸರಕು ಆ ಕಡೆ ತಿರುಗಿತು. ಕಾರವಾರಕ್ಕೆ ಕೊಂಕಣ ರೈಲು ಬಂದದ್ದು 1990ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕಲ್ಲಿದ್ದಲು ಉರಿಸುವ ಹಡಗುಗಳ ಕಾಲ ಮುಗಿದುಹೋಗಿತ್ತು.