ಯಾರು ನೋಡಲಿ ಅಂತ ಇಷ್ಟೊಂದು ಬಣ್ಣ?

ಭಾನುವಾರ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಅಮಾವಾಸ್ಯೆಯ ಇಳಿತ, ಕಡಲ ನೀರು ತುಂಬಾ ದೂರ ಸರಿದಿತ್ತು. ಬಂಡೆಗಳ ನಡುವೆ ಉಳಿದ ನೀರಿನ ಹೊಂಡದ ಪಕ್ಕ ಒಬ್ಬ ಅಪ್ಪ, ಮಗಳು ಕೂತಿದ್ದರು. ಹುಡುಗಿ ನೀರಿನಿಂದ ಕಣ್ಣು ತೆಗೆಯದೆ ಕೇಳಿದಳು, "ಅಪ್ಪಾ, ಇವಕ್ಕೆಲ್ಲ ಯಾರು ನೋಡಲಿ ಅಂತ ಇಷ್ಟೊಂದು ಬಣ್ಣ?"

"ನಾವು ನೋಡಲಿ ಅಂತ ಪುಟ್ಟಾ."

ಹಾಗಂದವರೇ ಫೋಟೋಗೆ ಅಂತ ಒಂದು ಕಿತ್ತಳೆ ನಕ್ಷತ್ರ ಮೀನನ್ನು ಬಂಡೆಯಿಂದ ಎಳೆಯಲು ಹೋದರು. ಅದರ ಅಡಿಯಲ್ಲಿ ನೂರಾರು ಪುಟ್ಟ ಕೊಳವೆ ಕಾಲುಗಳಿರುತ್ತವೆ, ಜೋರಾಗಿ ಎಳೆದರೆ ಅವು ಹರಿಯುತ್ತವೆ, ಬಿಡಿ ಅಂದೆ. ಬಿಟ್ಟರು. ಒಳ್ಳೆಯ ಮನುಷ್ಯ, ಮಗಳನ್ನು ಇಂಥ ಜಾಗಕ್ಕೆ ಕರೆತಂದಿದ್ದಾರೆ. ಆದರೆ ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ.

"ನಾವು ನೋಡಲಿ ಅಂತ." ನಿಜವಾಗಿ ಆ ಹೊಂಡದಲ್ಲಿ ಬಣ್ಣ ಜಾಸ್ತಿ ಇರುವವರಿಗೇ ಬಣ್ಣ ಕಾಣುವುದಿಲ್ಲ! ನಕ್ಷತ್ರ ಮೀನಿಗೆ ತೋಳಿನ ತುದಿಗಳಲ್ಲಿ ತೀರಾ ಸರಳವಾದ ಕಣ್ಣುಗಳಿವೆ, ಅವು ಬೆಳಕು-ನೆರಳನ್ನು, ಹೆಚ್ಚೆಂದರೆ ದೊಡ್ಡ ಆಕಾರಗಳನ್ನು ಮಸುಕಾಗಿ ಹಿಡಿಯುತ್ತವೆ, ಅಷ್ಟೇ. ಹೂವಿನಂತೆ ಅರಳಿ ಕೂತ ಸೀ ಅನಿಮೋನ್ ಎಂಬ ಪ್ರಾಣಿಗೆ ಕಣ್ಣೇ ಇಲ್ಲ. ಕೆಲವು ಅನಿಮೋನ್‌ಗಳ ಹಸಿರಿನಲ್ಲಿ ಅವುಗಳ ಮೈಯೊಳಗೇ ಬದುಕುವ ಸೂಕ್ಷ್ಮ ಪಾಚಿಯ ಪಾಲೂ ಇದೆ, ಪಾಚಿ ಬಿಸಿಲಿನಿಂದ ಆಹಾರ ಮಾಡಿ ಮನೆಯ ಒಡೆಯನಿಗೂ ಕೊಡುತ್ತದೆ. ಬಂಡೆಗೆ ಗುಲಾಬಿ ಬಣ್ಣ ಬಳಿದಂತೆ ಕಾಣುವುದೂ ಪಾಚಿಯೇ, ಸುಣ್ಣ ಕಟ್ಟಿಕೊಂಡು ಕಲ್ಲಿನಂತೆ ಗಟ್ಟಿಯಾದ ಪಾಚಿ. ಆ ಗುಲಾಬಿ ಬಣ್ಣ ನೀರೊಳಗೆ ಇಳಿಯುವ ನೀಲಿ, ಹಸಿರು ಬೆಳಕನ್ನು ಹಿಡಿಯಲು ಇರುವುದು. ಸತ್ತರೆ ಬೆಳ್ಳಗಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ನುಡಿಬ್ರಾಂಕ್, ಚಿಪ್ಪು ಬಿಟ್ಟ ಕಡಲ ಬಸವನಹುಳ. ಇದರಲ್ಲಿ ಕೆಲವು ಜಾತಿಗಳು ಅನಿಮೋನ್‌ನಂಥ ಕುಟುಕುವ ಜೀವಿಗಳನ್ನೇ ತಿಂದು, ಅವುಗಳ ಕುಟುಕು ಕೋಶಗಳನ್ನು ಒಡೆಯದೆ ತಮ್ಮ ಬೆನ್ನಿನ ಎಸಳುಗಳಲ್ಲಿ ಕೂಡಿಡುತ್ತವೆ. ನೇರಳೆ, ಹಳದಿ, ಕಿತ್ತಳೆ ಎಲ್ಲ ಹಚ್ಚಿಕೊಂಡಂತಿರುವ ಆ ಮೈ ಮೀನುಗಳಿಗೆ ಹೇಳುವುದು ಒಂದೇ: ನನ್ನನ್ನು ತಿನ್ನಬೇಡ. ಆ ಹುಳಕ್ಕೂ ತನ್ನ ಬಣ್ಣ ಕಾಣುವುದಿಲ್ಲ.

ಇಷ್ಟನ್ನು ಹುಡುಗಿಗೆ ಹೇಳಿದಾಗ ಅವಳು ಬೆರಗಾಗಿ, "ಹಾಗಾದ್ರೆ ತಾನು ಚೆನ್ನಾಗಿದೀನಿ ಅಂತ ಅದಕ್ಕೆ ಗೊತ್ತೇ ಇಲ್ವಾ?" ಅಂದಳು. ಅಪ್ಪನೂ ಮೊಬೈಲ್ ಜೇಬಿಗೆ ಹಾಕಿ ಬಗ್ಗಿ ನೋಡಿದರು.

ನಾವು ನೋಡಲಿ ಅಂತ ಇವೆ ಅಂದುಕೊಂಡ ಮೇಲೆ ಕೀಳುವುದು, ಮನೆಗೆ ಒಯ್ಯುವುದು ಸಹಜ ಅನ್ನಿಸಿಬಿಡುತ್ತದೆ, ಅಲ್ವಾ? ಒಯ್ದರೂ ಏನು ಸಿಗುತ್ತದೆ? ಒಣಗಿದ ನಕ್ಷತ್ರ ಮೀನಿನಲ್ಲಿ ಆ ಕಿತ್ತಳೆ ಉಳಿಯುವುದಿಲ್ಲ. ಅಷ್ಟೇಕೆ, ಹತ್ತು ಹದಿನೈದು ಮೀಟರ್ ಆಳದಲ್ಲೇ ಕೆಂಪು ಬೆಳಕನ್ನೆಲ್ಲ ನೀರು ನುಂಗಿ, ಕೆಂಪು ಜೀವಿಯೂ ಮಂಕಾಗಿ ಕಾಣುತ್ತದೆ. ಮೊಣಕಾಲುದ್ದದ ಈ ಹೊಂಡದಲ್ಲಿ ಎಲ್ಲ ಬಣ್ಣವೂ ಒಟ್ಟಿಗೆ ಕಾಣುವುದು ನಮಗೆ ಸಿಕ್ಕ ಅವಕಾಶ. ಹೋಗಿ ನೋಡಿ. ಕಲ್ಲು ಎತ್ತಿದರೆ ಮಾತ್ರ ಮೊದಲಿದ್ದ ಹಾಗೇ ಮಗುಚಿ ಇಡಿ. ಅಡಿಯಲ್ಲಿ ಅಂಟಿಕೊಂಡವರಿಗೆ ಬಿಸಿಲು ತಡೆಯುವುದಿಲ್ಲ.