ಮಲೆನಾಡಿನ ಮಳೆಗೆ ಅಡಿಕೆ ದಬ್ಬೆಯ ಕೋಳಿಗೂಡು

ಮಳೆಗಾಲದಲ್ಲಿ ಕೋಳಿ ಸಾಯುತ್ತಿದ್ದರೆ ಮೊದಲು ಗೂಡಿನ ನೆಲ ನೋಡಿ. ನೆಲದ ಮೇಲೆ ಭತ್ತದ ಹೊಟ್ಟು ಹರಡಿ ಸಾಕುವ ಕ್ರಮ ಬಯಲುಸೀಮೆಗೆ ಸರಿ. ತೀರ್ಥಹಳ್ಳಿ, ಹೊಸನಗರದ ಕಡೆ ಪುನರ್ವಸು ಮಳೆ ಹಿಡಿಯಿತೆಂದರೆ ಹೊಟ್ಟು ಗಾಳಿಯ ತೇವ ಕುಡಿದೇ ಮುದ್ದೆಯಾಗುತ್ತದೆ. ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ರಕ್ತಭೇದಿಯ ರೋಗಾಣು ಆ ಒದ್ದೆಯಲ್ಲೇ ಬಲಿಯುತ್ತದೆ. ನೆಲದಿಂದ ಮೂರಡಿ ಮೇಲೆ ಸಂದಿ ಬಿಟ್ಟು ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಸಿದ ಅಟ್ಟವೇ ಇಲ್ಲಿಗೆ ಸೈ. ಹಗಲು ತೋಟದಲ್ಲಿ ಮೇಯ್ದು ರಾತ್ರಿ ಮಾತ್ರ ಒಳಗಿರುವ ಕೋಳಿಗೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ನಾಟಿಯಾದರೆ 18–20 ಹಿಡಿಯುತ್ತವೆ, ಗಿರಿರಾಜದಂಥ ದಪ್ಪ ತಳಿಯಾದರೆ 12.

ದುಡ್ಡು ಖರ್ಚು ಮಾಡುವುದಾದರೆ ತಗಡಿಗೂ ಜಾಲರಿಗೂ ಮಾಡಿ. ಉಳಿದದ್ದು ತೋಟದಲ್ಲೇ ಸಿಗುತ್ತದೆ.

ಉದ್ದ ಪೂರ್ವ–ಪಶ್ಚಿಮಕ್ಕಿರಲಿ. ಬೇಲಿಗೆ ಹಾಕುವ 5 ಅಡಿಯ ಕಲ್ಲುಕಂಬ ಆರು ಬೇಕು: ಉತ್ತರಕ್ಕೆ ಮೂರು, ದಕ್ಷಿಣಕ್ಕೆ ಮೂರು, ಎರಡಡಿ ಮಣ್ಣಿನೊಳಗೆ. ಅಡಿಕೆ ಮರವನ್ನೇ ಕಂಬವಾಗಿ ಹೂಳಬೇಡಿ. ಅದರ ತಿರುಳು ಮೆತ್ತಗೆ, ಬುಡ ಬೇಗ ಕುಂಬಾಗುತ್ತದೆ, ಒರಲೆಯೂ (ಗೆದ್ದಲು) ಹತ್ತುತ್ತದೆ. ಮಾಡಿಗೆ (ಚಾವಣಿಗೆ) ಆಧಾರವಾಗುವ ಅಕೇಶಿಯಾ ಗಳುಗಳನ್ನು (ಉದ್ದ ಕೋಲುಗಳನ್ನು) ನೆಲದಿಂದ ಒಂದಡಿ ಮೇಲಿಟ್ಟು, ಕಲ್ಲಿಗೆ ಒತ್ತಿ ಎರಡು ಕಡೆ ತಂತಿ ಬಿಗಿಯಿರಿ. ಒಂದೇ ಕಡೆ ಕಟ್ಟಿದರೆ ಗಾಳಿಗೆ ಮಾಡೇ ಎದ್ದು ಹೋದೀತು. ಉತ್ತರದ ಗಳು ನೆಲದಿಂದ ಏಳೂವರೆ ಅಡಿ ಎತ್ತರ ಬರಲಿ, ದಕ್ಷಿಣದ್ದು ಆರಡಿ.

ಗೂಡಿನ ಜೀವ ಇರುವುದು ಅಟ್ಟದಲ್ಲಿ. ಗಾಳಿಗೆ ಬಿದ್ದ ಹಳೇ ಅಡಿಕೆ ಮರ ಎರಡಿದ್ದರೆ ಧಾರಾಳ. ಎಳೆ ಮರದ ದಬ್ಬೆ ಬಳುಕುತ್ತದೆ. ಸೀಳಿ, ತಿರುಳು ಪೂರ್ತಿ ಹೆರೆದು, ಒಂದಿಂಚು ಅಗಲಕ್ಕೆ ತನ್ನಿ. ಅಡ್ಡಕ್ಕೆ ಮೂರು ತೊಲೆ, ಅದರ ಮೇಲೆ ಉದ್ದಕ್ಕೆ ಎರಡಡಿಗೊಂದರಂತೆ ಮೂರು ಗಳು, ಅದರ ಮೇಲೆ 4 ಅಡಿಯ 41 ದಬ್ಬೆ, ನಡುವೆ ಮುಕ್ಕಾಲು ಇಂಚು ಸಂದಿ. ಸಂದಿ ಅರ್ಧ ಇಂಚಿಗಿಂತ ಕಿರಿದಾದರೆ ಹಿಕ್ಕೆ ಕಚ್ಚಿಕೊಳ್ಳುತ್ತದೆ, ಒಂದಿಂಚು ದಾಟಿದರೆ ಕೋಳಿಯ ಕಾಲು ಸಿಕ್ಕಿಬೀಳುತ್ತದೆ. ನುಣುಪಾದ ಹೊರಮೈ ಮೇಲಿರಲಿ, ಅಂಚನ್ನು ಕತ್ತಿಯಿಂದ ಸವರಿ. ಸಿಬಿರು ಚುಚ್ಚಿದ ಪಾದವೇ ಆಮೇಲೆ ಬಾತು ಕೀವಾಗುವುದು. ಮೊಳೆ ನೇರ ಹೊಡೆದರೆ ದಬ್ಬೆ ಸೀಳುತ್ತದೆ, ಮೊದಲು ಡ್ರಿಲ್ಲಿನಲ್ಲಿ ತೂತು ಕೊರೆಯಿರಿ. ಒರಲೆಗೆಂದು ವೇಸ್ಟ್ ಆಯಿಲ್ ಬಳಿಯುವುದಿದ್ದರೆ ತೊಲೆಗೆ ಮಾತ್ರ, ಕೋಳಿ ನಿಲ್ಲುವ ದಬ್ಬೆಗೆ ಬೇಡ.

ಮಾಡಿಗೆ ಹಳೇ ಹಂಚು ಅಗ್ಗ, ಆದರೆ ಬೆಕ್ಕಿನಂಥ ಕಾಡುಪ್ರಾಣಿ ಕಬ್ಬೆಕ್ಕು ಹಂಚು ಸರಿಸಿ ಇಳಿಯುತ್ತದೆ. 8 ಅಡಿಯ ನಾಲ್ಕು ತಗಡು ಹಾಕಿದರೆ ಮುಂದೆ, ಹಿಂದೆ ಒಂದೂಮುಕ್ಕಾಲು ಅಡಿ ಸೂರು ಸಿಗುತ್ತದೆ. ಬೇಸಿಗೆಯಲ್ಲಿ ಮೇಲೆ ಸೋಗೆ ಹೊದೆಸಿ. ಇರಚಲು ಬಡಿಯುವ ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿ, ಉಳಿದ ಮೂರು ಕಡೆ ಅರ್ಧ ಇಂಚಿನ ವೆಲ್ಡ್ ಮೆಶ್, ಸುಮಾರು 60 ಚದರಡಿ. ಆರು ಮೂಲೆ ಕಣ್ಣಿನ ತೆಳು ಕೋಳಿಜಾಲರಿಯನ್ನು ನಾಯಿ ಹಲ್ಲಿನಲ್ಲೇ ಹರಿಯುತ್ತದೆ. ತಗಡಿನ ಅಲೆಯ ಕೆಳಗೆ ಉಳಿಯುವ ಸಂದಿಯನ್ನು ಬಹಳ ಜನ ಮರೆಯುತ್ತಾರೆ. ಜಾಲರಿಯನ್ನು ಅಲ್ಲಿವರೆಗೆ ಮಡಚಿ ತುಂಬಿ. ದಬ್ಬೆ ಸಂದಿಯಲ್ಲಿ ತೆಳ್ಳನೆಯ ಹಾವು ನುಸುಳುವುದನ್ನು ಪೂರ್ತಿ ತಡೆಯಲಾಗದು, ಮೊಟ್ಟೆಯನ್ನು ಸಂಜೆಯೇ ತೆಗೆಯಿರಿ. ಹಾಗಂತ ಅಟ್ಟದ ಅಡಿಗೆ ಜಾಲರಿ ಹೊಡೆದರೆ ಹಿಕ್ಕೆ ಅದರಲ್ಲೇ ಕಟ್ಟಿಕೊಳ್ಳುತ್ತದೆ.

ಚಳಿಯೆಂದು ಸುತ್ತಲೂ ಟಾರ್ಪಾಲು ಬಿಗಿಯುವವರಿದ್ದಾರೆ. ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣು ಉರಿದರೆ ರಾತ್ರಿಯಿಡೀ ಕೋಳಿ ಅಮೋನಿಯಾವನ್ನೇ ಉಸಿರಾಡಿದೆ ಎಂದರ್ಥ. ನೆಗಡಿ, ಗೊರಗೊರ ಅಲ್ಲಿಂದಲೇ ಶುರು. ದಕ್ಷಿಣಕ್ಕೆ ಕೆಳಗಿನ ಅರ್ಧ ಗೋಣಿ ಕಟ್ಟಿ, ಮೇಲಿನ ಅರ್ಧ ಯಾವಾಗಲೂ ತೆರೆದಿರಲಿ.

ಒಳಗೆ ಒಂದಡಿ ಎತ್ತರಕ್ಕೆ, ಉದ್ದಕ್ಕೂ ಎರಡು ದುಂಡನೆಯ ಗಳು ಕೂರಲು. ಮೊಟ್ಟೆಗೆ ಐದು ಹೇಂಟೆಗೆ ಒಂದರಂತೆ ಹಳೇ ಬುಟ್ಟಿ, ಪಶ್ಚಿಮದ ಕತ್ತಲೆ ಮೂಲೆಯಲ್ಲಿ, ಗಳುವಿಗಿಂತ ತಗ್ಗಿನಲ್ಲಿ. ಎತ್ತರಕ್ಕಿಟ್ಟರೆ ರಾತ್ರಿ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಬಾಗಿಲು ಪೂರ್ವಕ್ಕೆ, ಕೊಕ್ಕೆಯ ಬದಲು ಚಿಲಕ. ಏಣಿಯನ್ನು ರಾತ್ರಿ ತೆಗೆದಿಡಿ.

ಅಟ್ಟದ ಕೆಳಗೆ ಅಡಿಕೆ ಸಿಪ್ಪೆ, ತರಗೆಲೆ ಹರಡಿ, ಸುತ್ತ ಬಸಿಗಾಲುವೆ ತೆಗೆಯಿರಿ. ಅಲ್ಲಿ ಹುಳು ಮಿಜಿಗುಟ್ಟಿದರೆ ಎಲ್ಲಿಂದಲೋ ನೀರು ಬರುತ್ತಿದೆ. ಗೊಬ್ಬರ ಎಳೆದ ಮೇಲೆ ಹಸಿಯಾಗಿಯೇ ಅಡಿಕೆ ಬುಡಕ್ಕೆ ಸುರಿಯಬೇಡಿ, ಬೇರು ಸುಡುತ್ತದೆ. ಸಗಣಿ, ಸೊಪ್ಪಿನ ಜೊತೆ ರಾಶಿ ಹಾಕಿ ಕೊಳೆಸಿ, ಕಾವು ಪೂರ್ತಿ ಇಳಿದ ಮೇಲೆ ಹಾಕಿ.