ಹದಿನಾಲ್ಕರಿಂದ ಹದಿನಾರಕ್ಕೆ

ಅಣ್ಣನ ಮಗ ಬೆಂಗಳೂರಿನಲ್ಲಿ ತನ್ನ ಹಳೆಯ ಕಾರನ್ನು ಮಾರಿದ, ಅದರ ಚಕ್ರಗಳನ್ನು ಮಾರಲಿಲ್ಲ. "ಅತ್ತೆ, ಹದಿನಾರು ಇಂಚಿನ ಅಲಾಯ್. ಜೆ.ಸಿ. ರಸ್ತೆಯಲ್ಲಿ ಆಸೆಪಟ್ಟು ಕೊಂಡದ್ದು. ನಿನ್ನ ಸ್ವಿಫ್ಟ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ" ಎಂದು ಫೋನಿನಲ್ಲಿ ಹೇಳಿದವನು ನಾನು ಹೂಂ ಅನ್ನುವುದರೊಳಗೆ ನಾಲ್ಕನ್ನೂ ಗೋಣಿಚೀಲದಲ್ಲಿ ಕಟ್ಟಿ ಶಿರಸಿಯ ರಾತ್ರಿ ಬಸ್ಸಿಗೆ ಹಾಕಿಬಿಟ್ಟ. ಇದು 2023ರ ನವೆಂಬರಿನ ಮಾತು.

ಬೇಡ ಎನ್ನಬಹುದಿತ್ತು. ಆದರೆ ನನ್ನ 2016ರ ಕಾರಿನದು ಕಬ್ಬಿಣದ ಡಿಸ್ಕ್, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಆ ಮುಚ್ಚಳಗಳಲ್ಲಿ ಒಂದು ದೇವಿಮನೆ ಘಟ್ಟದಲ್ಲಿ ಎಲ್ಲೋ ಉರುಳಿಹೋಗಿ ಎರಡು ವರ್ಷವಾಗಿತ್ತು. ಶಾಲೆಯ ಅಂಗಳದಲ್ಲಿ ಕಾರು ನಿಲ್ಲಿಸುವಾಗಲೆಲ್ಲ ಆ ಬೋಳು ಚಕ್ರವನ್ನು ಗೋಡೆಯ ಕಡೆಗೆ ಮಾಡಿ ನಿಲ್ಲಿಸುತ್ತಿದ್ದೆ. ಐವತ್ತರ ಹತ್ತಿರ ಬಂದ ಗಣಿತದ ಮಾಸ್ತರಿಣಿಗೆ ಇಷ್ಟು ಷೋಕಿ ಇರಬಾರದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಚಕ್ರಗಳ ಜೊತೆ ಅರ್ಧ ಸವೆದ ಟೈರುಗಳೂ ಬಂದಿದ್ದವು. ಪಕ್ಕೆಯ ಮೇಲೆ 205/55 R16 ಎಂದಿತ್ತು. ನನ್ನ ಕಾರಿನದು 165/80 R14. ಈ ಬರಹವನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಆದರೆ ಅದು ಅಗಲದ ಶೇಕಡಾವಾರು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಅಳತೆ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಹೀಗೆ ಕೊಟ್ಟರೆ ಮಕ್ಕಳು ಗಲಾಟೆ ಮಾಡುತ್ತಾರೆ.

ಲೆಕ್ಕ ಮಾಡಿದೆ. 165ರ ಶೇಕಡಾ 80 ಅಂದರೆ 132. ರಿಮ್ಮಿನ ಮೇಲೊಂದು, ಕೆಳಗೊಂದು ಸೇರಿ 264. ಅದಕ್ಕೆ 14 ಇಂಚು, ಅಂದರೆ 355.6 ಸೇರಿಸಿದರೆ ಪೂರ್ತಿ ಚಕ್ರದ ವ್ಯಾಸ 619.6 ಮಿಲಿಮೀಟರ್. ರಿಮ್ಮು ದೊಡ್ಡದಾದರೂ ಈ ಮೊತ್ತ ಹೆಚ್ಚು ಕಡಿಮೆ ಆಗಬಾರದು, ಏಕೆಂದರೆ ಸ್ಪೀಡೋಮೀಟರು ಎಣಿಸುವುದು ಚಕ್ರ ಎಷ್ಟು ಸುತ್ತು ಹಾಕಿತು ಎನ್ನುವುದನ್ನು. ಕಂಪನಿಯವರೇ ಇದೇ ಕಾರಿನ ಮೇಲಿನ ಮಾದರಿಗೆ 185/65 R15 ಕೊಡುತ್ತಿದ್ದರು. ಅದನ್ನು ಕೂಡಿಸಿ ನೋಡಿ, 621.5 ಬರುತ್ತದೆ. ಎರಡು ಮಿಲಿಮೀಟರೂ ವ್ಯತ್ಯಾಸವಿಲ್ಲ.

ಅಣ್ಣನ ಮಗನ ಟೈರು 631.9. ಶೇಕಡಾ 2ರಷ್ಟು ಹೆಚ್ಚು. ಆದರೆ ಅದು ಹೊಸದಿದ್ದಾಗಿನ ಮಾತು. ಕಂಪಾಸ್ ಪೆಟ್ಟಿಗೆಯ ಸ್ಕೇಲು ಇಳಿಸಿ ನೋಡಿದರೆ ಟೈರಿನ ಗೀರುಗಳಲ್ಲಿ ಉಳಿದಿದ್ದ ಆಳ 4 ಮಿಲಿಮೀಟರ್. ಹೊಸ ಟೈರಿಗೆ ಸುಮಾರು 8 ಇರುತ್ತದೆ. ಎರಡೂ ಕಡೆ ನಾಲ್ಕು ನಾಲ್ಕು ಸವೆದಿದೆ ಅಂದರೆ ಈಗ ವ್ಯಾಸ 624ರ ಆಸುಪಾಸು. ನಾಲ್ಕೇ ಮಿಲಿಮೀಟರ್ ಹೆಚ್ಚು, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಪೂರ್ಣಾಂಕ ಕೊಟ್ಟುಕೊಂಡು ಹಾಕಿಸಿಬಿಟ್ಟೆ.

ಆ ಭಾನುವಾರ ಅತ್ತೆಯವರು, ಮಗಳು, ನಮ್ಮ ಮನೆಯವರು ಎಲ್ಲರನ್ನೂ ಕೂರಿಸಿಕೊಂಡು ಕುಮಟಾಕ್ಕೆ ಹೊರಟೆ. ಊರಿನೊಳಗೆ ಎಲ್ಲ ಚೆನ್ನಾಗಿತ್ತು. ಘಟ್ಟ ಇಳಿಯುವಾಗ ಮೊದಲ ದೊಡ್ಡ ತಿರುವಿನಲ್ಲಿ ಮುಂದಿನಿಂದ ಗರ್ರ್ ಎಂದಿತು. ಎರಡನೆಯದರಲ್ಲೂ ಹಾಗೆಯೇ. "ಹೊಟ್ಟೆ ಹಸಿದವರು ಯಾರು?" ಎಂದರು ಅತ್ತೆಯವರು. ಕೆಳಗಿಳಿದು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಮೊಬೈಲಿನ ಬೆಳಕು ಹಿಡಿದು ಮಡ್ಗಾರ್ಡಿನ ಒಳಗೆ ನೋಡಿದೆ. ಒಳಗಿನ ಕಪ್ಪು ಪ್ಲಾಸ್ಟಿಕ್ ಹಾಳೆ ಎಲ್ಲೆಡೆ ಧೂಳು ಹಿಡಿದು ಮಂಕಾಗಿತ್ತು. ಒಂದು ಕಡೆ ಮಾತ್ರ ಅಂಗೈಯಗಲ ಜಾಗ ಉಜ್ಜಿದ ಬಾಣಲೆಯಂತೆ ಹೊಳೆಯುತ್ತಿತ್ತು. ಮುಟ್ಟಿದರೆ ಇನ್ನೂ ಬಿಸಿ.

ತಪ್ಪಿದ್ದು ವ್ಯಾಸದಲ್ಲಲ್ಲ, ಅಗಲದಲ್ಲಿ. 165 ಇದ್ದ ಜಾಗದಲ್ಲಿ 205 ಕೂರಿಸಿದ್ದೆ. ನಾಲ್ಕು ಸೆಂಟಿಮೀಟರ್ ಹೆಚ್ಚಿನ ರಬ್ಬರು, ಜೊತೆಗೆ ರಿಮ್ಮೂ ಮೊದಲಿನದಕ್ಕಿಂತ ಹೊರಚಾಚಿದ್ದು. ನೇರ ದಾರಿಯಲ್ಲಿ ಏನೂ ತಿಳಿಯುವುದಿಲ್ಲ. ಕಾರು ತುಂಬಿ ಸ್ಪ್ರಿಂಗು ಕುಗ್ಗಿ, ಸ್ಟೀರಿಂಗೂ ತಿರುಗಿದಾಗ ಟೈರಿನ ಅಂಚು ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಹಾಗಾಗಿ ಹೊಸ ಅಳತೆ ಹಾಕಿಸಿದ ಮೇಲೆ ಅಂಗಡಿಯ ಎದುರು ಒಬ್ಬರೇ ಕೂತು ಒಂದು ಸುತ್ತು ಹಾಕಿ ನೋಡಿದರೆ ಸಾಲದು. ನಾಲ್ಕು ಜನರನ್ನು ತುಂಬಿಕೊಂಡು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು. ಟೈರಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ. ನಾನು ಕೇಳಿರಲೂ ಇಲ್ಲ, ಅದು ಬೇರೆ ಮಾತು.

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದೆ. "ಅಕ್ಕೋರೆ, 195/50 ಇದೆ. ಇವತ್ತೇ ಹಾಕಿಕೊಡುತ್ತೇನೆ, ಬೆಲೆಯೂ ಕಡಿಮೆ" ಎಂದರು. ಅವರ ರಸೀದಿ ಪುಸ್ತಕದ ಹಿಂದೆಯೇ ಲೆಕ್ಕ ಹಾಕಿದೆ. 601.4 ಬಂತು. ಹದಿನೆಂಟು ಮಿಲಿಮೀಟರ್ ಕಡಿಮೆ, ಅಂದರೆ ಕಾರಿನ ಹೊಟ್ಟೆ ನೆಲಕ್ಕೆ ಒಂಬತ್ತು ಮಿಲಿಮೀಟರ್ ಹತ್ತಿರ. ನಮ್ಮ ಬೀದಿಯ ರಸ್ತೆ ಉಬ್ಬಿಗೆ ಈಗಲೇ ತಳ ಉಜ್ಜುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅಳತೆಯ ಪಕ್ಕದಲ್ಲಿ ಸಣ್ಣದಾಗಿ ಇದ್ದ 84 ಎಂಬ ಅಂಕಿ. ಒಂದು ಟೈರು ಎಷ್ಟು ಭಾರ ಹೊರಬಲ್ಲದು ಎಂಬುದರ ಗುರುತು ಅದು. 84 ಅಂದರೆ 500 ಕಿಲೋ. ನನ್ನ ಹಳೆಯ ಹದಿನಾಲ್ಕು ಇಂಚಿನ ಬಡಪಾಯಿಯ ಮೇಲೆ 85 ಇತ್ತು, 515 ಕಿಲೋ. ಚಕ್ರ ದೊಡ್ಡದಾದರೆ ಬಲವೂ ಹೆಚ್ಚುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಭಾರ ಹೊರುವುದು ಒಳಗಿರುವ ಗಾಳಿ, ಅಗಲ ಅಷ್ಟೇ ಇದ್ದು ಪಕ್ಕೆ ಗಿಡ್ಡವಾದಷ್ಟೂ ಗಾಳಿಗೆ ಜಾಗ ಕಡಿಮೆ. ಕಂಪನಿಯ ಟೈರಿಗಿಂತ ಕಡಿಮೆ ಅಂಕಿಯ ಟೈರನ್ನು, ಎಷ್ಟೇ ಅಗ್ಗವಾಗಿರಲಿ, ಹಾಕಿಸಬಾರದು. ಈ ವಿಷಯದಲ್ಲಿ ನಾನು ಚೌಕಾಸಿಗೆ ಸಿದ್ಧಳಿಲ್ಲ.

ಉಳಿದದ್ದು 195/55 R16. ಬಲೆನೊ, ಐ20 ಕಾರುಗಳ ಮೇಲಿನ ಮಾದರಿಗಳಲ್ಲಿ ಬರುವ ಅಳತೆ ಇದು, ಅಂದರೆ ನಾಳೆ ಒಂದು ಒಡೆದರೂ ಇನ್ನೊಂದು ಎಲ್ಲಿಯಾದರೂ ಸಿಗುತ್ತದೆ. ವ್ಯಾಸ 620.9. ಹೊರುವ ಅಂಕಿ 87, ಅಂದರೆ 545 ಕಿಲೋ. ಅಂಗಡಿಯವರು ಮೇಲಿನ ಹಲಗೆಯಿಂದ ನಾಲ್ಕನ್ನು ಇಳಿಸಿದರು. ಪಕ್ಕೆಯ ಮೇಲಿನ ಉದ್ದ ಬರಹದ ಕೊನೆಯಲ್ಲಿ, ಮೊಟ್ಟೆಯಾಕಾರದ ಗೆರೆಯೊಳಗೆ 1120 ಎಂದಿತ್ತು. 2020ರ ಹನ್ನೊಂದನೇ ವಾರ. ಲಾಕ್‌ಡೌನಿಗೆ ಎರಡು ವಾರ ಮೊದಲು ಹುಟ್ಟಿ, ಮೂರೂವರೆ ವರ್ಷ ದಾಟಿದರೂ ರಸ್ತೆ ಕಾಣದ ಟೈರು. "ಓಡಿಲ್ಲವಲ್ಲ ಅಕ್ಕೋರೆ, ಹೊಸದೇ" ಎಂದರು. ಓಡದಿದ್ದರೂ ರಬ್ಬರು ಗಟ್ಟಿಯಾಗುತ್ತದೆ, ಅದೂ ತಗಡಿನ ಮಾಡಿನ ಕೆಳಗೆ. ಹುಬ್ಬಳ್ಳಿಯಿಂದ 2023ರಲ್ಲೇ ತಯಾರಾದವನ್ನು ತರಿಸಿಕೊಡಿ ಎಂದೆ. ನಾಲ್ಕು ದಿನ ಬಸ್ಸಿನಲ್ಲಿ ಓಡಾಡಿದೆ. ನಾಲ್ಕಕ್ಕೆ 26 ಸಾವಿರದ ಮೇಲಾಯಿತು. "ಬಂಗಡೆಗೆ ಕಿವಿರು ಎತ್ತಿ ನೋಡುವವರು ಟೈರಿಗೆ ಬಿಡುತ್ತೀರಾ" ಎಂದು ಅವರೂ ನಕ್ಕರು.

ಅಲ್ಲಿಗೂ ಮುಗಿಯಲಿಲ್ಲ. ಉಜ್ಜುವುದು ನಿಂತಿತು, ಆದರೆ ಎಂಬತ್ತರ ಹತ್ತಿರ ಹೋದರೆ ಸ್ಟೀರಿಂಗು ನಡುಗುತ್ತಿತ್ತು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಕಾರಣ ರಿಮ್ಮಿನ ನಡುವಿನ ತೂತಿನಲ್ಲಿತ್ತು. ಆ ತೂತಿನೊಳಗೆ ಕೂರುವ ಕಾರಿನ ಗುಂಬಕ್ಕೆ ಹಬ್ ಎನ್ನುತ್ತಾರೆ, ಸ್ವಿಫ್ಟಿನದು 54.1 ಮಿಲಿಮೀಟರ್. ಹಲವು ಬಗೆಯ ಕಾರುಗಳಿಗೆ ಹೊಂದಲಿ ಎಂದು ಹೊರಗಿನ ರಿಮ್ಮುಗಳ ತೂತನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ, ನನ್ನದರಲ್ಲಿ 73. ನಡುವಿನ ಖಾಲಿ ಜಾಗಕ್ಕೆ ಹಬ್ ರಿಂಗ್ ಎಂಬ ಬಳೆ ಕೂರಿಸಬೇಕು. ಅಣ್ಣನ ಮಗ ಅವನ್ನು ಕಳಿಸಲು ಮರೆತಿದ್ದ. ಕಳಿಸಿದ, ಹಾಕಿಸಿದೆ, ನಡುಕ ನಿಂತಿತು.

ಈಗ ಹೇಗಿದೆ? ತಿರುವಿನಲ್ಲಿ ಕಾರು ಹಿಡಿದ ಹಿಡಿತ ಬಿಡುವುದಿಲ್ಲ, ಅದು ನಿಜವಾದ ಸುಖ. ಆದರೆ ಪಕ್ಕೆ 132ರಿಂದ 107ಕ್ಕೆ ಇಳಿದಿದೆ. ಎರಡೂವರೆ ಸೆಂಟಿಮೀಟರ್ ಗಾಳಿಯ ಹಾಸಿಗೆ ಹೋಯಿತು. ಮೊದಲು ಟೈರು ನುಂಗಿಕೊಳ್ಳುತ್ತಿದ್ದ ಗುಂಡಿಗಳನ್ನು ಈಗ ಸೊಂಟ ಎಣಿಸುತ್ತದೆ. ಲೀಟರಿಗೆ 18 ಕೊಡುತ್ತಿದ್ದ ಕಾರು 17ಕ್ಕೆ ಬಂದಿದೆ. ಇನ್ನೊಂದು, ಬಾಗಿಲ ಕಂಬದ ಮೇಲೆ ಕಂಪನಿ ಅಂಟಿಸಿದ ಚೀಟಿಯಲ್ಲಿ ಹದಿನಾಲ್ಕೂ ಹದಿನೈದೂ ಇವೆ, ಹದಿನಾರು ಇಲ್ಲ. ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನಾಳೆ ವಿಮೆಯವರು ತಕರಾರು ತೆಗೆದರೆ ನನ್ನ ಹತ್ತಿರ ಉತ್ತರವಿಲ್ಲ. ರಿಮ್ಮುಗಳು ಪುಕ್ಕಟೆ ಬರದೆ ನಾನೇ ಕೊಳ್ಳುವುದಾಗಿದ್ದರೆ ಹದಿನೈದಕ್ಕೇ ನಿಲ್ಲುತ್ತಿದ್ದೆ.

ಡಿಕ್ಕಿಯಲ್ಲಿ ಸ್ಟೆಪ್ನಿ ಮಾತ್ರ ಹಳೆಯದೇ, ಕಬ್ಬಿಣದ ಡಿಸ್ಕಿನ ಹದಿನಾಲ್ಕು. ಅಲಾಯಿನ ನಟ್ಟುಗಳು ಬೇರೆ ಆಕಾರದವು, ಆ ಡಿಸ್ಕಿಗೆ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಹಳೆಯ ನಟ್ಟುಗಳು ನಾಲ್ಕನ್ನು ಹಾರ್ಲಿಕ್ಸ್ ಡಬ್ಬಿಯೊಂದರಲ್ಲಿ ಹಾಕಿ ಜಾಕಿನ ಪಕ್ಕ ಇಟ್ಟಿದ್ದೇನೆ. ನಮ್ಮ ಬೀದಿಯ ಉಬ್ಬು ದಾಟುವಾಗಲೆಲ್ಲ ಅವು ಹಿಂದಿನಿಂದ ಗಲಗಲ ಅನ್ನುತ್ತವೆ. ಡಬ್ಬಿಯೊಳಗೆ ಒಂದು ಹಳೆಯ ಬಟ್ಟೆ ತುರುಕಬೇಕು ಎಂದು ಪ್ರತಿಸಲವೂ ಅಂದುಕೊಳ್ಳುತ್ತೇನೆ, ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತೇನೆ.